ಮೇಲೆ ಕಪ್ಪು, ಒಳಗೆ ಹಸಿ: ಅಜ್ಜಿಯ ತವಸಳಿ ಓಟಿಜಿಯಲ್ಲಿ ಯಾಕೆ ಕೆಡುತ್ತದೆ?

ಪ್ರಶ್ನೆ: ನಮ್ಮದು ಧಾರವಾಡ, ತವರುಮನೆ ಕುಮಟಾ ಕಡೆ. ಚಳಿ ಶುರುವಾಯ್ತು ಅಂದರೆ ಅಜ್ಜಿ ತವಸಳಿ, ಅಂದರೆ ಸೌತೆಕಾಯಿ ಸಿಹಿ, ಮಾಡುತ್ತಿದ್ದರು. ದಪ್ಪ ತಳದ ಪಾತ್ರೆ, ಕೆಳಗೆ ಕೆಂಡ, ಮುಚ್ಚಳದ ಮೇಲೂ ಕೆಂಡ. ಅಳತೆ ಯಾರೂ ಬರೆದಿಟ್ಟಿಲ್ಲ. ಈ ದೀಪಾವಳಿಗೆ ಮಗ ಓಟಿಜಿ (ಸಣ್ಣ ಕರೆಂಟ್ ಒವನ್) ತಂದುಕೊಟ್ಟ. ಸೌತೆಕಾಯಿ ತುರಿ, ರವೆ, ಬೆಲ್ಲ, ಕಾಯಿತುರಿ ಎಲ್ಲ ಕಲಸಿ ಕೇಕ್ ಟಿನ್ನಿಗೆ ಹಾಕಿ 200 ಡಿಗ್ರಿಗೆ ಇಟ್ಟೆ. ಎರಡು ಸಲ ಮಾಡಿದೆ, ಎರಡು ಸಲವೂ ಮೇಲೆ ಕಪ್ಪು, ಒಳಗೆ ಹಸಿ. ಎರಡನೇ ಸಲ ಸೋಡಾ ಹಾಕಿ ನೋಡಿದೆ, ಸೋಪಿನ ವಾಸನೆ ಬಂತು. ತಪ್ಪು ಎಲ್ಲಿ? ಚಳಿಗಾಲಕ್ಕೆ ಇಂಥದ್ದೇ ಬೇರೆ ಹಳೇ ಕಾಲದ ಸಿಹಿ ಏನು ಮಾಡಬಹುದು? ಅತ್ತೆಯವರು ಮೊಟ್ಟೆ ತಿನ್ನುವುದಿಲ್ಲ. ಮಗಳು ಟೊರಾಂಟೋದಲ್ಲಿದ್ದಾಳೆ. ಅಲ್ಲಿ ಚಳಿ ಬಂದರೆ ಆಪಲ್ ಕ್ರಿಸ್ಪ್ ಮಾಡುತ್ತಾರಂತೆ, ನೀನೂ ಮಾಡು ಅನ್ನುತ್ತಾಳೆ. ನಮ್ಮ ಮನೆ ಸಾಮಾನಿನಲ್ಲಿ ಅದು ಆಗುತ್ತಾ?

ಉತ್ತರ: ನಿಮ್ಮ ಓಟಿಜಿ ಚೆನ್ನಾಗಿಯೇ ಇದೆ. ನಿಮ್ಮ ಕೈಯೂ ಚೆನ್ನಾಗಿದೆ. ಅಜ್ಜಿ ಮಾಡುತ್ತಿದ್ದ ಒಂದು ಕೆಲಸ ಮಾತ್ರ ನಿಮ್ಮ ಕಣ್ಣಿಗೆ ಬಿದ್ದಿಲ್ಲ ಅನಿಸುತ್ತದೆ. ಮಕ್ಕಳಿಗೆ ನೆನಪಿರುವುದು ಕೆಂಡ. ಯಾಕೆಂದರೆ ನೋಡಲು ಮಜಾ ಇರುವುದು ಅದೇ. ಕೆಂಡ ಹಾಕುವ ಮುಂಚೆ ಅರ್ಧ ಗಂಟೆ ಒಲೆ ಮುಂದೆ ಬಾಣಲೆಯಲ್ಲಿ ಸೌಟು ಆಡಿಸಿದ್ದು ಯಾರಿಗೂ ನೆನಪಿರುವುದಿಲ್ಲ.

ತವಸಳಿಯ ಹಿಟ್ಟನ್ನು ಹಸಿಯಾಗಿ ಪಾತ್ರೆಗೆ ಸುರಿಯುವ ಮನೆಗಳೂ ಇವೆ. ಅವರಲ್ಲಿ ಹೆಚ್ಚಿನವರು ಅದನ್ನು ಹಬೆಯಲ್ಲಿ ಬೇಯಿಸುತ್ತಾರೆ. ಕೆಂಡದಲ್ಲಿ ಸುಡುವುದಾದರೆ ಪದ್ಧತಿ ಬೇರೆ. ರವೆ ಹುರಿದುಕೊಂಡು, ಸೌತೆಕಾಯಿ ತುರಿಯನ್ನು ಬೆಲ್ಲದ ಜೊತೆ ಕುದಿಸಿ, ಅದರಲ್ಲೇ ರವೆಯನ್ನು ಮುಕ್ಕಾಲು ಭಾಗ ಬೇಯಿಸಿ, ಆಮೇಲೆ ಕೆಂಡಕ್ಕೆ ಇಡುವುದು. ಗೋವಾ ಮತ್ತು ಕೊಂಕಣದಲ್ಲಿ ಇದೇ ಸಿಹಿಗೆ ಧೋಂಡಸ ಅನ್ನುತ್ತಾರೆ. ಅಲ್ಲೂ ಹೀಗೇ ಮಾಡುತ್ತಾರೆ. ಪಾತ್ರೆಗೆ ಬೀಳುವ ಹೊತ್ತಿಗೆ ಅದು ಕೇಕಿನ ಹಿಟ್ಟಾಗಿರುವುದಿಲ್ಲ, ಹೆಚ್ಚುಕಡಿಮೆ ಕೇಸರಿಬಾತ್ ಆಗಿರುತ್ತದೆ. ಕೆಂಡದ ಕೆಲಸ ಬೇಯಿಸುವುದಲ್ಲ. ನೀರು ಆರಿಸಿ, ಗಟ್ಟಿ ಮಾಡಿ, ಮೇಲೆ ಕೆಳಗೆ ಕೆಂಪು ಬರಿಸುವುದು.

ನೀವು ಎಲ್ಲವನ್ನೂ ಹಸಿಯಾಗಿ ಕಲಸಿ ಇಟ್ಟಿದ್ದೀರಿ. ಸೌತೆಕಾಯಿಯಲ್ಲಿ ನೂರಕ್ಕೆ ಸುಮಾರು 95 ಭಾಗ ನೀರೇ. ಬೆಲ್ಲ, ಉಪ್ಪು ಬಿದ್ದ ತಕ್ಷಣ ತುರಿ ಆ ನೀರನ್ನೆಲ್ಲ ಬಿಡತೊಡಗುತ್ತದೆ. ಕಲಸುವಾಗ ಹದವಾಗಿ ಕಂಡಿದ್ದು ಹತ್ತು ನಿಮಿಷಕ್ಕೆ ತೆಳ್ಳಗಾಗುತ್ತದೆ. ಅಷ್ಟು ನೀರು ಬಿಸಿಯಾಗಿ, ರವೆ ಅದನ್ನು ಕುಡಿದು, ನಡುಭಾಗ ಬೇಯಲು ಗಂಟೆಗಟ್ಟಲೆ ಬೇಕು. ಅಷ್ಟರಲ್ಲಿ ಮೇಲಿನ ಬೆಲ್ಲ ಸುಟ್ಟಿರುತ್ತದೆ. ಬೆಲ್ಲಕ್ಕೆ ಸಕ್ಕರೆಗಿಂತ ಬೇಗ ಬಣ್ಣ ಬರುತ್ತದೆ. ಅದರಲ್ಲಿ ಗ್ಲೂಕೋಸ್, ಫ್ರಕ್ಟೋಸ್ ಒಂದಿಷ್ಟು ಬಿಡಿಬಿಡಿಯಾಗಿಯೇ ಇರುತ್ತವೆ. ಅವು ಬೇಗ ಕಂದುತ್ತವೆ. ಹಾಗಾಗಿ ಬೆಲ್ಲ ಹಾಕಿದ ಯಾವ ಸಿಹಿಯನ್ನೂ ನಾನು 180 ಡಿಗ್ರಿ ದಾಟಿಸುವುದಿಲ್ಲ. ನಿಮ್ಮ 200 ಜಾಸ್ತಿಯೇ ಆಯ್ತು.

ಇನ್ನು ಸೋಡಾ. ಅದು ಉಬ್ಬಿಸಬೇಕಾದರೆ ಹುಳಿಯ ಅಂಶ ಬೇಕು. ಬೆಲ್ಲದಲ್ಲಿ ತುಸು ಹುಳಿ ಇದೆ, ಆದರೆ ಒಂದು ಚಮಚ ಸೋಡಾವನ್ನು ಮುಗಿಸುವಷ್ಟಲ್ಲ. ಉಳಿದ ಸೋಡಾ ಹಾಗೇ ಕೂತು ಸೋಪಿನ ವಾಸನೆ ಕೊಡುತ್ತದೆ. ಜೊತೆಗೆ ಬಣ್ಣವನ್ನೂ ಬೇಗ ಏರಿಸುತ್ತದೆ. ಎರಡನೇ ಸಲ ಮೊದಲಿಗಿಂತ ಹೆಚ್ಚು ಕಪ್ಪಾಗಿರಬೇಕಲ್ವಾ? ತವಸಳಿ ಉಬ್ಬುವ ತಿಂಡಿಯೇ ಅಲ್ಲ. ಅದು ಒದ್ದೆ ಒದ್ದೆಯಾಗಿ, ಭಾರವಾಗಿ, ಚಾಕು ಹಾಕಿದರೆ ಸ್ವಲ್ಪ ಅಂಟಿಕೊಳ್ಳುವ ಹಾಗೇ ಇರಬೇಕು. ಇವತ್ತು ಎಲ್ಲರ ಕಣ್ಣಲ್ಲೂ ಬೇಕರಿ ಕೇಕಿನ ಚಿತ್ರ ಕೂತಿದೆ. ಓಟಿಜಿಯೊಳಗೆ ಇಟ್ಟದ್ದೆಲ್ಲ ಸ್ಪಂಜಿನ ಹಾಗೆ ಮೇಲೆ ಬರಬೇಕು ಅನ್ನೋ ಆಸೆ. ನಮ್ಮ ಹಳೇ ಸಿಹಿಗಳು ಕೆಡುವುದು ಬಹುಪಾಲು ಈ ಆಸೆಯಿಂದಲೇ.

ಈಗ ಅಜ್ಜಿಯ ಕೆಂಡದ ಲೆಕ್ಕ ನೋಡೋಣ. ಕರಟದ ಕೆಂಡ ಮೊದಲು ಜೋರು ಶಾಖ ಕೊಡುತ್ತದೆ. ಆಮೇಲೆ ಬೂದಿ ಮುಚ್ಚಿಕೊಳ್ಳುತ್ತಾ ತಣ್ಣಗಾಗುತ್ತಾ ಬರುತ್ತದೆ. ಮೇಲಿನ ಕೆಂಡಕ್ಕೂ ತವಸಳಿಗೂ ನಡುವೆ ದಪ್ಪ ಮುಚ್ಚಳ ಇರುತ್ತದೆ. ಒಳಗಿನ ಹಬೆ ಹೊರಗೆ ಹೋಗುವುದಿಲ್ಲ, ಹಾಗಾಗಿ ಮೇಲ್ಪದರ ಬೇಗ ಒಣಗುವುದಿಲ್ಲ. ಓಟಿಜಿಯಲ್ಲಿ ಇದೆಲ್ಲ ತಿರುಗುಮುರುಗು. ಕೆಂಪಗೆ ಕಾಯ್ದ ಕಂಬಿ ಟಿನ್ನಿನಿಂದ ನಾಲ್ಕು ಬೆರಳು ದೂರದಲ್ಲೇ ಇರುತ್ತದೆ, ಮುಚ್ಚಳ ಇಲ್ಲ. ಶಾಖ ಇಳಿಯುವುದೂ ಇಲ್ಲ. ಕಡಿಮೆ ಆದಾಗೆಲ್ಲ ಕಂಬಿ ಮತ್ತೆ ಹೊತ್ತಿಕೊಳ್ಳುತ್ತದೆ. ಅದಕ್ಕೇ ನೀವು ಮುಚ್ಚಳವನ್ನು ವಾಪಸ್ ತರಬೇಕು. ಟಿನ್ನಿನ ಮೇಲೆ ಫಾಯಿಲ್ ಬಿಗಿಯಾಗಿ ಮುಚ್ಚಿ, ಅಥವಾ ಸರಿಯಾಗಿ ಕೂರುವ ಸ್ಟೀಲ್ ತಟ್ಟೆ ಬೋರಲು ಹಾಕಿ. ಟಿನ್ನು ಕೆಳಗಿನ ಹಂತದಲ್ಲಿ ಇರಲಿ. ಮೊದಲು ಕೆಳಗಿನ ಕಂಬಿ ಮಾತ್ರ. ಕೊನೆಗೆ ಮುಚ್ಚಳ ತೆಗೆದು ಎರಡೂ ಕಂಬಿ.

ಅಳತೆ ಹೇಳುತ್ತೇನೆ. ಏಳು ಇಂಚಿನ ಟಿನ್ನಿಗೆ ಸರಿಹೋಗುತ್ತದೆ. ಕಪ್ ಅಂದರೆ 240 ಮಿಲಿ ಹಿಡಿಯುವ ಕಪ್.

ಮೊಗೆಕಾಯಿ ತುರಿ ಎರಡು ಕಪ್. ಧಾರವಾಡದಲ್ಲಿ ಮಂಗಳೂರು ಸೌತೆ ಅಂತ ಕೇಳಿದರೆ ಸಿಗಬಹುದು. ಹಳದಿ ಪಟ್ಟೆ ಇರುವ ಬಲಿತ ಕಾಯಿ ತಗೊಳ್ಳಿ. ಕರಾವಳಿ ಮನೆಗಳ ಅಟ್ಟದಲ್ಲಿ ಬಾಳೆನಾರು ಕಟ್ಟಿ ಸಾಲಾಗಿ ನೇತುಹಾಕಿರುತ್ತಿದ್ದರಲ್ಲ, ಅದೇ. ಸಿಗದಿದ್ದರೆ ದಪ್ಪ ಸೌತೆಕಾಯಿಯೂ ನಡೆಯುತ್ತದೆ, ಪರಿಮಳ ಮಾತ್ರ ಕಡಿಮೆ. ಕಾಯಿ ಹೆಚ್ಚಿದ ಕೂಡಲೇ ಒಂದು ಚೂರು ಬಾಯಿಗೆ ಹಾಕಿ ನೋಡಿ. ಕಹಿ ಇದ್ದರೆ ಇಡೀ ಕಾಯಿ ಬಿಸಾಕಿ. ಬೆಲ್ಲ ಹಾಕಿದರೆ ಹೋಗುತ್ತೆ ಅಂತ ಧೈರ್ಯ ಮಾಡಬೇಡಿ. ಆ ಕಹಿ ಬೇಯಿಸಿದರೂ ಹೋಗುವುದಿಲ್ಲ, ಹೊಟ್ಟೆಗೂ ಒಳ್ಳೆಯದಲ್ಲ. ಬೀಜ ಇರುವ ತಿರುಳು ತೆಗೆದು ಜರಡಿಯಲ್ಲಿ ಹಿಂಡಿ ರಸ ಇಟ್ಟುಕೊಳ್ಳಿ. ತುರಿಯನ್ನು ಮಾತ್ರ ಹಿಂಡಬೇಡಿ.

ಉಪ್ಪಿಟ್ಟಿನ ರವೆ ಒಂದು ಕಪ್. ದಪ್ಪ ತಳದ ಬಾಣಲೆಯಲ್ಲಿ ಎರಡು ದೊಡ್ಡ ಚಮಚ ತುಪ್ಪ ಹಾಕಿ ಸಣ್ಣ ಉರಿಯಲ್ಲಿ ಹುರಿಯಿರಿ. ಕೆಂಪಾಗಬಾರದು, ಘಮ ಬಂದರೆ ಸಾಕು. ತೆಗೆದಿಡಿ. ಅದೇ ಬಾಣಲೆಗೆ ಸೌತೆ ತುರಿ, ಮುಕ್ಕಾಲು ಕಪ್ ಬೆಲ್ಲದ ಪುಡಿ. ಬೆಲ್ಲ ಕರಗಿ, ತುರಿ ಗಾಜಿನ ಹಾಗೆ ಪಾರದರ್ಶಕ ಆಗುವ ತನಕ ಕುದಿಸಿ. ಎಂಟು ಹತ್ತು ನಿಮಿಷ ಬೇಕು. ಎತ್ತಿಟ್ಟ ರಸಕ್ಕೆ ನೀರು ಸೇರಿಸಿ ಅರ್ಧ ಕಪ್ ಮಾಡಿ ಹಾಕಿ. ಅರ್ಧ ಕಪ್ ಕಾಯಿತುರಿ, ಕಾಲು ಚಮಚ ಉಪ್ಪು, ನಾಲ್ಕು ಏಲಕ್ಕಿ ಪುಡಿ. ಉಪ್ಪು ಬಿಡಬೇಡಿ, ಅದಿಲ್ಲದಿದ್ದರೆ ಸೌತೆಕಾಯಿ ಸಪ್ಪೆ ಹೊಡೆಯುತ್ತದೆ. ಕುದಿ ಬಂದಾಗ ಒಂದು ಕೈಯಲ್ಲಿ ರವೆ ಉದುರಿಸುತ್ತಾ ಇನ್ನೊಂದು ಕೈಯಲ್ಲಿ ತಿರುವಿ. ಮುಚ್ಚಿ, ಸಣ್ಣ ಉರಿಯಲ್ಲಿ ಐದು ನಿಮಿಷ.

ಇಲ್ಲಿ ನಿಂತು ನೋಡಬೇಕು. ಸೌಟು ಎತ್ತಿ ಓರೆ ಮಾಡಿದರೆ ಹಿಟ್ಟು ಹರಿಯಬಾರದು, ಒಂದು ಮುದ್ದೆಯಾಗಿ ಮೆಲ್ಲಗೆ ಜಾರಿ ಬೀಳಬೇಕು. ಒಂದು ಕಾಳಿನಷ್ಟು ಬೆರಳ ನಡುವೆ ಉಜ್ಜಿ ನೋಡಿ. ರವೆ ಮೆತ್ತಗಾಗಿರಬೇಕು, ಆದರೆ ನಡುವೆ ಸಣ್ಣ ಗಟ್ಟಿ ಚುಕ್ಕಿ ಕೈಗೆ ತಗಲಬೇಕು. ಆ ಚುಕ್ಕಿ ಓಟಿಜಿಯಲ್ಲಿ ಬೇಯುತ್ತದೆ. ಪೂರ್ತಿ ಗಟ್ಟಿಯಾಗಿ ಬಾಣಲೆ ಬಿಟ್ಟುಬಂದರೆ ಸ್ವಲ್ಪ ಹಾಲೋ ತೆಂಗಿನ ಹಾಲೋ ಹಾಕಿ ಸಡಿಲಿಸಿ.

ಟಿನ್ನಿಗೆ ಧಾರಾಳವಾಗಿ ತುಪ್ಪ ಸವರಿ. ಬಾಳೆಲೆ ಸಿಕ್ಕರೆ ಬಾಡಿಸಿ ತಳಕ್ಕೆ ಹಾಸಿ. ಅರಿಸಿನ ಎಲೆ ಸಿಕ್ಕರಂತೂ ಕೇಳಲೇಬೇಡಿ, ಮನೆಯೆಲ್ಲ ಕರಾವಳಿ. ಹಿಟ್ಟು ಒಂದೂವರೆ ಇಂಚಿಗಿಂತ ಎತ್ತರ ಇರಬಾರದು. ಮೇಲೆ ಗೋಡಂಬಿ ಒತ್ತಿ. 170 ಡಿಗ್ರಿಗೆ ಮೊದಲೇ ಕಾಯಿಸಿದ ಓಟಿಜಿಯಲ್ಲಿ ಮುಚ್ಚಿ 25 ನಿಮಿಷ, ಮುಚ್ಚಳ ತೆಗೆದು ಎರಡೂ ಕಂಬಿಯಲ್ಲಿ 15ರಿಂದ 20 ನಿಮಿಷ. ಕಡ್ಡಿ ಚುಚ್ಚಿ ನೋಡುವ ಪರೀಕ್ಷೆ ಇದಕ್ಕೆ ಸಲ್ಲದು, ಕಡ್ಡಿಗೆ ಅಂಟಿಯೇ ಅಂಟುತ್ತದೆ. ಅಂಚು ಟಿನ್ನಿನಿಂದ ಬಿಟ್ಟಿರಬೇಕು, ಬಣ್ಣ ಹಳೇ ಬೆಲ್ಲದ ಹಾಗೆ ಆಗಿರಬೇಕು, ಅಷ್ಟೇ.

ಆಮೇಲಿನದ್ದೇ ಕಷ್ಟದ ಭಾಗ. ತಣ್ಣಗಾಗುವವರೆಗೆ ಕೊಯ್ಯಬಾರದು. ಬಿಸಿಯಲ್ಲಿ ಹಸಿ ಅನಿಸಿದ್ದು ಆರಿದ ಮೇಲೆ ಗಟ್ಟಿಯಾಗುತ್ತದೆ. ಪಿಷ್ಟ ಕೂತುಕೊಳ್ಳುವುದೇ ಆರುವಾಗ. ನಿಮ್ಮ ಎರಡು ತವಸಳಿಗಳಲ್ಲಿ ಒಂದಾದರೂ ಬಿಸಿಯಲ್ಲೇ ಕೊಯ್ದು ‘ಹಸಿ’ ಅನಿಸಿಕೊಂಡಿರಬಹುದು ಅಂತ ನನಗೆ ಸಣ್ಣ ಅನುಮಾನ. ರಾತ್ರಿ ಮಾಡಿ, ಬಟ್ಟೆ ಮುಚ್ಚಿಟ್ಟು, ಬೆಳಗ್ಗೆ ತಿನ್ನಿ. ಮಾರನೇ ದಿನದ ತವಸಳಿಗೆ ಬೆಣ್ಣೆ ಹಾಕಿಕೊಂಡು ತಿಂದರೆ ಪೇಡೆ ಊರಲ್ಲಿ ಇದ್ದೀರಿ ಅನ್ನೋದೇ ಮರೆತುಹೋಗಬೇಕು.

ಇಡ್ಲಿ ರವೆಯಲ್ಲಿ ಮಾಡುವ ಮನೆಗಳೂ ಇವೆ. ಅಕ್ಕಿಗೆ ನೀರು ಜಾಸ್ತಿ ಬೇಕು, ಬಾಣಲೆಯಲ್ಲಿ ಇನ್ನೂ ಹತ್ತು ನಿಮಿಷ ಬೇಕು. ಮೊದಲ ಸಲಕ್ಕೆ ಗೋಧಿ ರವೆಯೇ ಸುಲಭ.

ಓಟಿಜಿ ಬಗ್ಗೆ ಒಂದು ಮಾತು ಹೇಳಿಬಿಡುತ್ತೇನೆ. ತಿರುಗಿಸುವ ಗುಂಡಿಯ ಮೇಲೆ ಬರೆದ ಡಿಗ್ರಿಯನ್ನು ಪೂರ್ತಿ ನಂಬಬೇಡಿ. ಮನೆಬಳಕೆಯ ಓಟಿಜಿಗಳು 15–20 ಡಿಗ್ರಿ ಆಚೆ ಈಚೆ ಇರುವುದು ಮಾಮೂಲು. ಒಳಗೆ ನೇತುಹಾಕುವ ಸಣ್ಣ ಥರ್ಮಾಮೀಟರ್ ಸಿಗುತ್ತದೆ, ಒಂದು ತಗೊಂಡುಬಿಡಿ. ನಾನು ಬೇಕಿಂಗ್ ಕಲಿಸಲು ಶುರುಮಾಡಿದ ಹೊಸದರಲ್ಲಿ ಒಂದು ಮನೆಗೆ ಹೋಗಿದ್ದೆ. ಅವರ ಓಟಿಜಿಯಲ್ಲಿ 180 ಅಂತ ಇಟ್ಟರೆ ಒಳಗೆ 215 ಇರುತ್ತಿತ್ತು. ಅದು ಗೊತ್ತಾಗುವ ಹೊತ್ತಿಗೆ ನಾಲ್ಕು ಟಿನ್ನು ಕೇಕ್ ಇದ್ದಿಲಾಗಿತ್ತು. ಹನ್ನೆರಡು ಜನ ಕಲಿಯಲು ಬಂದವರ ಎದುರಿಗೆ. ಅವತ್ತಿನಿಂದ ನನ್ನ ಚೀಲದಲ್ಲಿ ಥರ್ಮಾಮೀಟರ್ ಇಲ್ಲದೆ ನಾನು ಎಲ್ಲಿಗೂ ಹೋಗಿಲ್ಲ.

ಚಳಿಗೇ ಸೇರಿದ ತೊಂದರೆಗಳೂ ಒಂದೆರಡಿವೆ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗೆ ಹೆಪ್ಪುಗಟ್ಟುತ್ತದೆ. ಧಾರವಾಡದಲ್ಲಿ ಡಿಸೆಂಬರ್ ಬೆಳಗ್ಗೆ ಅದಕ್ಕಿಂತ ಎಷ್ಟೋ ಕಡಿಮೆ ಇರುತ್ತದೆ. ಕರಗಿಸಿದ ಎಣ್ಣೆಗೋ ತುಪ್ಪಕ್ಕೋ ಫ್ರಿಜ್ಜಿನ ಹಾಲು ಸುರಿದರೆ ಕಣ್ಣೆದುರೇ ಬಿಳಿ ಹರಳು ಹರಳಾಗುತ್ತದೆ. ಹಿಟ್ಟಿನಲ್ಲಿ ಅದು ಒಂದೇ ಕಡೆ ಕೂತು ಆ ಜಾಗದಲ್ಲಿ ಎಣ್ಣೆ ತೂತಾಗುತ್ತದೆ. ಹಾಲು, ಮೊಸರು ಎರಡು ಗಂಟೆ ಮುಂಚೆ ಹೊರಗಿಡಿ. ಮರೆತರೆ ಪಾತ್ರೆಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಕೂರಿಸಿ. ಓಟಿಜಿ ಕಾಯಲೂ ಐದು ನಿಮಿಷ ಹೆಚ್ಚು ಕೊಡಿ. ಆಗಾಗ ಬಾಗಿಲು ತೆಗೆದು ಇಣುಕಬೇಡಿ.

ನೀವು ಕೇಳಿದ ಬೇರೆ ಸಿಹಿಗಳಿಗೆ ಬರೋಣ. ಇದನ್ನು ಕೇಳಿ ನಗಬೇಡಿ: ನಮ್ಮ ಕಡೆ ಚಳಿಗಾಲದಲ್ಲಿ ಎಲ್ಲಕ್ಕಿಂತ ಹಳೆಯ ಬೇಕಿಂಗ್ ಅಂದರೆ ಬಚ್ಚಲ ಒಲೆಯ ಬೂದಿಯಲ್ಲಿ ಹೂತಿಟ್ಟ ಗೆಣಸು. ಸಂಜೆ ಹಂಡೆ ನೀರು ಕಾದ ಮೇಲೆ ಬೂದಿ ಸರಿಸಿ ಗೆಣಸು ಇಟ್ಟು, ಮತ್ತೆ ಬೂದಿ ಎಳೆದು ಮಲಗುವುದು. ಬೆಳಗ್ಗೆ ಸ್ನಾನಕ್ಕೆ ಹೋದವರು ಕಡ್ಡಿಯಲ್ಲಿ ಕೆದಕಿ ತೆಗೆಯುವುದು. ಸಿಪ್ಪೆ ಸುಕ್ಕುಗಟ್ಟಿ, ಒಂದು ತುದಿಯಲ್ಲಿ ಜೇನಿನಂಥ ರಸ ಒಸರಿ ಕಪ್ಪಗೆ ಹೆಪ್ಪುಗಟ್ಟಿರುತ್ತಿತ್ತು. ಅದನ್ನು ನೆಕ್ಕಲು ಅಣ್ಣತಮ್ಮಂದಿರ ನಡುವೆ ಜಗಳ.

ಕುಕ್ಕರಿನಲ್ಲಿ ಬೇಯಿಸಿದ ಗೆಣಸು ಯಾಕೆ ಅಷ್ಟು ಸಿಹಿ ಇರುವುದಿಲ್ಲ? ಗೆಣಸಿನೊಳಗೇ ಬೀಟಾ ಅಮೈಲೇಸ್ ಅನ್ನೋ ಕಿಣ್ವ ಇದೆ. ಅದು ಪಿಷ್ಟವನ್ನು ಒಡೆದು ಮಾಲ್ಟೋಸ್ ಅನ್ನೋ ಸಕ್ಕರೆ ಮಾಡುತ್ತದೆ. ಸುಮಾರು 60ರಿಂದ 75 ಡಿಗ್ರಿ ಬಿಸಿಯಲ್ಲಿ ಅದಕ್ಕೆ ಉತ್ಸಾಹ. ಇನ್ನೂ ಬಿಸಿ ಏರಿದರೆ ಕಿಣ್ವ ಸತ್ತುಹೋಗುತ್ತದೆ. ಕುಕ್ಕರ್, ಮೈಕ್ರೋವೇವ್ ಆ ಹಂತವನ್ನು ಕೆಲವೇ ನಿಮಿಷದಲ್ಲಿ ದಾಟಿಸಿಬಿಡುತ್ತವೆ. ಬೂದಿ ಹಾಗಲ್ಲ, ಅಲ್ಲಿ ಗೆಣಸು ಆ ಬಿಸಿಯಲ್ಲಿ ಬಹಳ ಹೊತ್ತು ಇರುತ್ತದೆ. ಅಜ್ಜಂದಿರಿಗೆ ಕಿಣ್ವದ ಹೆಸರು ಬೇಕಾಗಿರಲಿಲ್ಲ, ನಿದ್ದೆ ಬೇಕಾಗಿತ್ತು. ಕೆಲಸ ಆಯಿತು.

ಓಟಿಜಿಯಲ್ಲಿ ಮಾಡುವ ಕ್ರಮ ಹೀಗೆ. ಮಧ್ಯಮ ಗಾತ್ರದ ಗೆಣಸು ತೊಳೆದು ಒರೆಸಿ. ಸಿಪ್ಪೆ ತೆಗೆಯಬೇಡಿ, ಎಣ್ಣೆ ಹಚ್ಚಬೇಡಿ, ಫಾಯಿಲ್ ಸುತ್ತಬೇಡಿ. ಕಾಯಿಸದ, ತಣ್ಣನೆಯ ಓಟಿಜಿಯಲ್ಲೇ ಇಡಿ. ಇಲ್ಲಿ ಪ್ರೀಹೀಟ್ ಮಾಡದಿರುವುದೇ ಗುಟ್ಟು. 140 ಡಿಗ್ರಿಗೆ ಒಂದು ಗಂಟೆ, ಆಮೇಲೆ 200ಕ್ಕೆ ಏರಿಸಿ ಮುಕ್ಕಾಲು ಗಂಟೆ. ಕೆಳಗೆ ಒಂದು ತಟ್ಟೆ ಇಡಿ, ರಸ ತೊಟ್ಟಿಕ್ಕಿ ಕಂಬಿಗೆ ಬಿದ್ದರೆ ಉಜ್ಜಿ ತೆಗೆಯುವುದು ನರಕ. ಸೀಳಿ, ಮೇಲೆ ತುಪ್ಪ, ಒಂದು ಧಾರೆ ಜೋನಿ ಬೆಲ್ಲ, ಅಂದರೆ ಪಾಕದ ಹಾಗೆ ಹರಿಯುವ ಬೆಲ್ಲ. ಜೋನಿ ಬೆಲ್ಲ ಸಿರ್ಸಿ ಕಡೆಯಿಂದ ಯಾರಾದರೂ ಬರುವವರ ಕೈಯಲ್ಲಿ ತರಿಸಿಕೊಳ್ಳಿ. ಆಲೆಮನೆ ಶುರುವಾದ ಮೇಲಿನ ಹೊಸದಾದರೆ ಇನ್ನೂ ಒಳ್ಳೆಯದು. ತಂದ ದಿನವೇ ಗೆಣಸು ಸುಡುವುದಕ್ಕಿಂತ ಒಂದು ವಾರ ಗಾಳಿಯಾಡುವ ಬುಟ್ಟಿಯಲ್ಲಿ ಇಟ್ಟು ಸುಟ್ಟರೆ ಸಿಹಿ ಜಾಸ್ತಿ. ಫ್ರಿಜ್ಜಿನಲ್ಲಿ ಇಡಬೇಡಿ, ನಡುಭಾಗ ಕಲ್ಲಾಗುತ್ತದೆ. ಮೊಟ್ಟೆ ಇಲ್ಲ, ಮೈದಾ ಇಲ್ಲ, ಸಕ್ಕರೆ ಇಲ್ಲ. ಅತ್ತೆಯವರು ಏಕಾದಶಿ ಮಾಡುವವರಾದರೆ ಅವತ್ತಿಗೂ ಆದೀತು.

ಇನ್ನೊಂದು, ರವೆ ಮತ್ತು ತೆಂಗಿನಕಾಯಿ ಕೇಕ್. ಗೋವಾದಲ್ಲಿ ಇದಕ್ಕೆ ಬಾತ್ ಅನ್ನುತ್ತಾರೆ. ಬಿಸಿಬೇಳೆ ಬಾತ್‌ಗೂ ಇದಕ್ಕೂ ನಂಟಿಲ್ಲ. ಕ್ರಿಸ್‌ಮಸ್ ಹೊತ್ತಿಗೆ ಕ್ರೈಸ್ತರ ಮನೆಗಳಲ್ಲಿ ಮಾಡುವ ಸಿಹಿ. ಮೂಲದಲ್ಲಿ ಮೊಟ್ಟೆ ಇದೆ. ಮೊಟ್ಟೆ ತೆಗೆದು ಮೊಸರು ಹಾಕಿದರೆ ರುಚಿಗೆ ಮೋಸವಿಲ್ಲ, ಅರಳು ಸ್ವಲ್ಪ ಕಡಿಮೆ. ಸಣ್ಣ ರವೆ ಒಂದು ಕಪ್, ತರಿತರಿಯಾಗಿ ರುಬ್ಬಿದ ಕಾಯಿತುರಿ ಒಂದು ಕಪ್, ಸಕ್ಕರೆ ಮುಕ್ಕಾಲು ಕಪ್, ಮೊಸರು ಅರ್ಧ ಕಪ್, ಹಾಲು ಅರ್ಧ ಕಪ್, ಕರಗಿಸಿದ ತುಪ್ಪ ಕಾಲು ಕಪ್, ಚಿಟಿಕೆ ಉಪ್ಪು. ಕಲಸಿ ಮುಚ್ಚಿಡಿ. ಮೂಲ ಪದ್ಧತಿಯಲ್ಲಿ ಹಿಟ್ಟನ್ನು ರಾತ್ರಿಯಿಡೀ ಬಿಡುತ್ತಾರೆ. ಚಳಿಯಲ್ಲಿ ರವೆ ನೀರು ಕುಡಿಯುವುದು ನಿಧಾನ, ಹಾಗಾಗಿ ಮೂರು ಗಂಟೆಗಿಂತ ಕಡಿಮೆ ಬೇಡ. ಇಡುವ ಮುಂಚೆ ನೋಡಿ, ಹಿಟ್ಟು ಇಡ್ಲಿ ಹಿಟ್ಟಿಗಿಂತ ಗಟ್ಟಿ ಅನಿಸಿದರೆ ಎರಡು ಚಮಚ ಹಾಲು. ಬೇಕಿಂಗ್ ಪೌಡರ್ ಒಂದು ಸಣ್ಣ ಚಮಚ, ಅದನ್ನು ಕೊನೆಗೆ, ಟಿನ್ನಿಗೆ ಸುರಿಯುವ ಕ್ಷಣದಲ್ಲಿ ಸೇರಿಸಿ. ಮೊದಲೇ ಹಾಕಿದರೆ ಅದರ ಶಕ್ತಿಯೆಲ್ಲ ಪಾತ್ರೆಯಲ್ಲೇ ಮುಗಿದಿರುತ್ತದೆ. 170 ಡಿಗ್ರಿ, 35ರಿಂದ 40 ನಿಮಿಷ. ಇದಕ್ಕೆ ಕಡ್ಡಿ ಪರೀಕ್ಷೆ ನಡೆಯುತ್ತದೆ.

ಓಟಿಜಿ ಇಲ್ಲದ ನಿಮ್ಮ ಅಕ್ಕತಂಗಿಯರು ಇದೇ ಕೇಕನ್ನು ಮರಳಿನ ಮೇಲೆ ಮಾಡಬಹುದು. ಹಳೇ ದಪ್ಪ ಡಬರಿಗೆ ಎರಡು ಇಂಚು ಮರಳು, ಮೇಲೊಂದು ಸ್ಟ್ಯಾಂಡು, ಮುಚ್ಚಿ ಹತ್ತು ನಿಮಿಷ ಕಾಯಿಸಿ, ಟಿನ್ನು ಇಟ್ಟು, ಸಣ್ಣ ಉರಿ. ಮನೆಗಳಲ್ಲಿ ದುಂಡನೆಯ ಅಲ್ಯೂಮಿನಿಯಂ ಕರೆಂಟ್ ಒವನ್ ಬರುವ ಮುಂಚೆ ಎಷ್ಟೋ ತಾಯಂದಿರು ಹುಟ್ಟುಹಬ್ಬದ ಕೇಕ್ ಮಾಡಿದ್ದು ಹೀಗೇ. ಕುಕ್ಕರಿನಲ್ಲಿ ಮಾಡುವುದಾದರೆ ಗ್ಯಾಸ್ಕೆಟ್, ವೆಯ್ಟ್ ಎರಡೂ ತೆಗೆದಿರಬೇಕು. ನನ್ನ ಕೇಳಿದರೆ ದಿನಾ ಬೇಳೆ ಬೇಯಿಸುವ ಕುಕ್ಕರನ್ನು ನೀರಿಲ್ಲದೆ ಒಣಗಾಗಿ ಕಾಯಿಸಿ ಹಾಳು ಮಾಡಿಕೊಳ್ಳಬೇಡಿ.

ಈಗ ಮಗಳ ಆಪಲ್ ಕ್ರಿಸ್ಪ್. ಖಂಡಿತ ಆಗುತ್ತದೆ. ಹೊಸಬರಿಗೆ ಇದಕ್ಕಿಂತ ಸುಲಭದ್ದು ಇಲ್ಲ. ಕೆಳಗೆ ಹೆಚ್ಚಿದ ಸೇಬು, ಮೇಲೆ ಹಿಟ್ಟು, ಬೆಣ್ಣೆ, ಸಕ್ಕರೆ ಉಜ್ಜಿದ ಪುಡಿ, ಅಷ್ಟೇ. ಕೆನಡಾ, ಅಮೆರಿಕದ ಉತ್ತರ ಭಾಗಗಳಲ್ಲಿ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಸೇಬು ಕೀಳುತ್ತಾರೆ, ಚಳಿ ಶುರುವಾಗುವುದೂ ಆಗಲೇ. ಮನೆ ತುಂಬ ಸೇಬು, ಹೊರಗೆ ಚಳಿ. ನಮ್ಮಲ್ಲಿ ಹಲಸಿನ ಕಾಲಕ್ಕೆ ಹಲಸಿನ ಕಡುಬು ಆಗುವ ಹಾಗೆ ಅಲ್ಲಿ ಇದು. ಟೊರಾಂಟೋ ಇರುವ ಒಂಟಾರಿಯೋ ಪ್ರಾಂತ್ಯದ್ದೇ ಒಂದು ಹೆಸರಾಂತ ಸೇಬು ಇದೆ, ಮ್ಯಾಕಿಂಟಾಷ್. 1811ರಲ್ಲಿ ಜಾನ್ ಮ್ಯಾಕಿಂಟಾಷ್ ಅನ್ನುವ ರೈತ ತನ್ನ ಜಮೀನಿನಲ್ಲಿ ಅದರ ಸಸಿ ಕಂಡದ್ದು. ತಿನ್ನಲು ಬಲು ರುಚಿ, ಆದರೆ ಬೇಯಿಸಿದರೆ ಕರಗಿ ಗೊಜ್ಜಾಗುತ್ತದೆ. ಮಗಳಿಗೆ ಹೇಳಿ, ಅದರ ಜೊತೆ ಅರ್ಧದಷ್ಟು ಗ್ರಾನಿ ಸ್ಮಿತ್ ಅನ್ನೋ ಹುಳಿ ಹಸಿರು ಸೇಬು ಬೆರೆಸಲಿ.

ನಿಮಗೆ ಧಾರವಾಡದ ಮಾರುಕಟ್ಟೆಯಲ್ಲಿ ಸಿಗುವುದು ಹಿಮಾಚಲದ್ದೋ ಕಾಶ್ಮೀರದ್ದೋ ಸೇಬು. ಕಡುಕೆಂಪು ಬಣ್ಣದ, ಮೆತ್ತಗಿನ, ಬರೀ ಸಿಹಿ ಇರುವ ಸೇಬು ಇದಕ್ಕೆ ಬೇಡ. ಗಟ್ಟಿಯಾಗಿ, ಸ್ವಲ್ಪ ಹುಳಿ ಇರುವುದನ್ನು ಆರಿಸಿ. ಹುಳಿ ಸಿಗದಿದ್ದರೆ ಒಂದು ನಿಂಬೆಹಣ್ಣು ಹಿಂಡಿ. ನಾಲ್ಕು ಸೇಬು ಸಿಪ್ಪೆ ತೆಗೆದು ಸ್ವಲ್ಪ ದಪ್ಪಗೇ ಹೆಚ್ಚಿ, ಎರಡು ಚಮಚ ಸಕ್ಕರೆ, ಚಿಟಿಕೆ ಉಪ್ಪು, ಕಾಲು ಚಮಚ ದಾಲ್ಚಿನ್ನಿ ಪುಡಿ ಬೆರೆಸಿ ಟಿನ್ನಿಗೆ ಹಾಕಿ. ಒಂದೆರಡು ಲವಂಗ ಕುಟ್ಟಿ ಹಾಕಿದರೆ ನನಗೆ ಇನ್ನೂ ಇಷ್ಟ.

ಮೇಲಿನ ಪುಡಿಗೆ ಬೆಣ್ಣೆ ಬದಲು ತುಪ್ಪ ಬಳಸಿ. ಚಳಿಯಲ್ಲಿ ಹರಳುಗಟ್ಟಿದ ತುಪ್ಪ ಇದಕ್ಕೆ ಹೇಳಿ ಮಾಡಿಸಿದ ಹಾಗಿರುತ್ತದೆ. ಬೇಸಿಗೆಯಲ್ಲಿ ಇದೇ ಕೆಲಸಕ್ಕೆ ತುಪ್ಪವನ್ನು ಫ್ರಿಜ್ಜಿನಲ್ಲಿ ಇಡಬೇಕು. ಒಂದು ಲೆಕ್ಕ ನೆನಪಿರಲಿ: ಬೆಣ್ಣೆಯಲ್ಲಿ ನೂರಕ್ಕೆ 16 ಭಾಗದಷ್ಟು ನೀರು ಇರುತ್ತದೆ, ತುಪ್ಪದಲ್ಲಿ ಇಲ್ಲವೇ ಇಲ್ಲ ಅನ್ನಬಹುದು. ಹಾಗಾಗಿ ಮಗಳ ಅಳತೆಯಲ್ಲಿ 100 ಗ್ರಾಂ ಬೆಣ್ಣೆ ಇದ್ದರೆ ನಿಮಗೆ 80 ಗ್ರಾಂ ತುಪ್ಪ ಸಾಕು. ಮುಕ್ಕಾಲು ಕಪ್ ಗೋಧಿ ಹಿಟ್ಟು, ಕಾಲು ಕಪ್ ಸಣ್ಣ ರವೆ, ಅರ್ಧ ಕಪ್ ಓಟ್ಸ್, ಅರ್ಧ ಕಪ್ ಬೆಲ್ಲದ ಪುಡಿ, 80 ಗ್ರಾಂ ಗಟ್ಟಿ ತುಪ್ಪ. ರವೆ ಯಾಕೆಂದರೆ ನಮ್ಮ ಚಪಾತಿ ಹಿಟ್ಟು ತುಂಬಾ ನುಣುಪು, ಬರೀ ಅದೇ ಹಾಕಿದರೆ ಮೇಲ್ಪದರ ಬಿಸ್ಕತ್ತಿನ ಹಾಗೆ ಒಂದೇ ಹಲಗೆಯಾಗುತ್ತದೆ. ಬೆರಳ ತುದಿಯಲ್ಲಿ ಮಾತ್ರ ಉಜ್ಜಿ. ಅಂಗೈ ತಗಲಿಸಬೇಡಿ, ಅಂಗೈ ಬಿಸಿಗೆ ತುಪ್ಪ ಕರಗಿ ಚಪಾತಿ ಹಿಟ್ಟಾಗಿಬಿಡುತ್ತದೆ. ಕೆಲವು ಕಡಲೆಬೇಳೆ ಗಾತ್ರದ ಉಂಡೆ, ಕೆಲವು ಬರೀ ಪುಡಿ, ಹೀಗೆ ಏರುಪೇರಾಗಿದ್ದರೇ ಚೆನ್ನ. ಸೇಬಿನ ಮೇಲೆ ಉದುರಿಸಿ, ಒತ್ತಬೇಡಿ. ಮಧ್ಯದ ಹಂತದಲ್ಲಿ 180 ಡಿಗ್ರಿಗೆ 40 ನಿಮಿಷ. ಅಂಚಿನಲ್ಲಿ ರಸ ಕುದಿದು ಗುಳ್ಳೆ ಬರುತ್ತಿರಬೇಕು. ಬರೀ ಮೇಲೆ ಕೆಂಪಾಯ್ತು ಅಂತ ತೆಗೆದರೆ ಸೇಬು ಕಟುಂ ಕಟುಂ ಅನ್ನುತ್ತದೆ. ಮೇಲೆ ಬೇಗ ಬಣ್ಣ ಬಂದರೆ ಅದೇ ಫಾಯಿಲ್.

ಸೇಬಿನ ಬದಲು ಅನಾನಸ್ ಹಾಕಿ ನೋಡಿದ್ದೇನೆ, ತುಂಬ ಚೆನ್ನಾಗಿ ಆಗುತ್ತದೆ, ರಸ ಸ್ವಲ್ಪ ಬಸಿದುಕೊಳ್ಳಬೇಕು. ಸೀಬೆಹಣ್ಣು ಬೇಡ, ಬೀಜ ಹಲ್ಲಿಗೆ ಸಿಕ್ಕಿ ಮಜಾ ಹೋಗುತ್ತದೆ.

ಕರೆಂಟಿನ ಚಿಂತೆ ಇದ್ದರೆ: 1500 ವ್ಯಾಟಿನ ಓಟಿಜಿ ಒಂದು ಗಂಟೆ ಎಡೆಬಿಡದೆ ಉರಿದರೂ ಒಂದೂವರೆ ಯೂನಿಟ್. ಕಂಬಿ ಆಗಾಗ ಆರುವುದರಿಂದ ಅಷ್ಟೂ ಆಗುವುದಿಲ್ಲ. ತವಸಳಿ, ಕ್ರಿಸ್ಪ್ ಒಂದಾದ ಮೇಲೆ ಒಂದು ಇಟ್ಟರೆ ಕಾಯಿಸುವ ಖರ್ಚು ಒಂದೇ ಸಲ.

ಮಗಳಿಗೂ ತವಸಳಿ ಕಲಿಸಿ. ಮೊಗೆಕಾಯಿ ಅಲ್ಲಿನ ಇಂಡಿಯನ್ ಅಂಗಡಿಯಲ್ಲಿ ಸಿಗದಿದ್ದರೆ ಆಂಧ್ರದವರ ದೋಸಕಾಯ ಇದೆಯಾ ಅಂತ ಕೇಳಲಿ, ಹಳದಿಯಾಗಿ ದುಂಡಗೆ ಇರುತ್ತದೆ. ಅದೂ ಇಲ್ಲ ಅಂದರೆ ಅಲ್ಲಿನ ಉದ್ದ ಸೌತೆಕಾಯಿ ಅಥವಾ ನೋಡಲು ಅದರ ಹಾಗೇ ಇರುವ ಜುಕಿನಿ ತುರಿದು ಹಾಕಲಿ. ಒಂದು ವಿಷಯ ಮಾತ್ರ ಫೋನಿನಲ್ಲಿ ಎರಡು ಸಲ ಹೇಳಿ: ನಾನು ಬರೆದ 170 ಸೆಲ್ಸಿಯಸ್. ಅಲ್ಲಿನ ಒವನ್‌ಗಳು ಬಹುತೇಕ ಫ್ಯಾರನ್‌ಹೀಟ್ ತೋರಿಸುತ್ತವೆ, ಅದರಲ್ಲಿ 340 ಇಡಬೇಕು. ಹೋದ ವರ್ಷ ಇದೇ ಅಳತೆ ನೋಡಿ ಅಲ್ಲಿನ ಒಬ್ಬ ಹುಡುಗಿ 170ಕ್ಕೇ ಇಟ್ಟು, ಮೂರು ಗಂಟೆ ಆದ ಮೇಲೆ ನನಗೆ ಫೋಟೋ ಕಳಿಸಿದ್ದಳು. ತವಸಳಿ ಇಟ್ಟ ಹಾಗೇ ಇತ್ತು, ಗೋಡಂಬಿ ಕೂಡ ಬಿಳಿ.